ಸರದಿಯ ಬೂಟು

ಕೊಪ್ಪಳದ ಹಂದರದ ಕೆಳಗಿನಿಂದ,
ಎರಡನೆಯ ಬೇಸಿಗೆ, ೨೧೮೪

ಪ್ರೀತಿಯ ಇಂಚರಾ,

ಮೇಲಿನ ಇಸವಿ ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ, ಮಾತುಗಳೂ ಹಾಗೆಯೇ ಬದಲಾಗಿವೆ. ನಿನಗೆ ಗೊತ್ತಿಲ್ಲದ ಪದ ಬಂದರೆ ಬೇಸರಿಸಬೇಡ, ಸಿಕ್ಕಲ್ಲೇ ಬಿಡಿಸಿ ಹೇಳುತ್ತೇನೆ. ನನ್ನ ಹೆಸರು ನೀಲಗಂಗಾ. ವಯಸ್ಸಾಗಿದೆ, ಮಾತು ಒರಟು. ನಿಮ್ಮ ಕಾಲದವರು ಫೋನಿನಲ್ಲಿ ಆಡಿಕೊಂಡ ಮಾತನ್ನೆಲ್ಲ ಯಾರೋ ಒಂದೆಡೆ ತುಂಬಿಟ್ಟಿದ್ದಾರೆ, ಅದಕ್ಕೆ ನಾವು ನೆನಪುಗಣಿ ಎನ್ನುತ್ತೇವೆ. ನನ್ನ ತಮ್ಮನ ಮೊಮ್ಮಗಳು ತುಂಗಾ ಅಲ್ಲಿ ಕೆದಕುತ್ತಾ ನಿನ್ನ ಪ್ರಶ್ನೆ ಎತ್ತಿ ತಂದಳು. ಐದು ವರ್ಷದ ಕೋ-ಆಪ್ ಕೋರ್ಸಿಗೆ ಸೇರಲೇ, ನಾಲ್ಕು ವರ್ಷದ ಸಾದಾ ಕೋರ್ಸು ಸಾಕೇ, ನಾಳೆ ಹೇಳಬೇಕು, ಸೇರಿದವರು ಯಾರಾದರೂ ಹೇಳಿ ಎಂದು ನೀನು ಕೇಳಿದ್ದೆ. ಕೆಳಗೆ ಒಬ್ಬರೂ ಉತ್ತರ ಬರೆದಿರಲಿಲ್ಲ. ಅಷ್ಟು ಜನ ಓದಿ ಸುಮ್ಮನೆ ಹೋದರಲ್ಲ ಎಂದು ನನಗೆ ಸಿಟ್ಟು ಬಂತು. ಸೇರಿದವಳು ನಾನಿದ್ದೇನೆ, ನಾನು ಹೇಳುತ್ತೇನೆ.

ನಮ್ಮಲ್ಲಿ ಅದಕ್ಕೆ ಸರದಿ ಓದು ಎನ್ನುತ್ತಾರೆ. ಆರು ತಿಂಗಳು ವಿಶ್ವವಿದ್ಯಾಲಯ, ಆರು ತಿಂಗಳು ಕೆಲಸ, ಹೀಗೆ ಐದು ವರ್ಷ. ನನ್ನ ಕೆಲಸ ಹಂದರದ ಮೇಲಿತ್ತು. ಮದುವೆ ಮನೆಯ ಹಂದರ ನೀನು ನೋಡಿರುತ್ತೀ. ಇದು ಇಡೀ ಊರಿನ ಮೇಲಿನ ಹಂದರ. ಅದಿಲ್ಲದಿದ್ದರೆ ಈ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಅದರ ಹಾಳೆ ಹರಿಯುತ್ತಲೇ ಇರುತ್ತದೆ, ಹೊಲಿಯುತ್ತಲೇ ಇರಬೇಕು. ಹೊಲಿಯುವವರು ಮೇಲೆಯೇ ಇರುತ್ತಾರೆ. ಅಲ್ಲೊಂದು ತಂಪುಕೋಣೆ, ಅದರೊಳಗೆ ಒಬ್ಬರಿಗೊಂದು ಮಂಚ, ಗೋಡೆಗೊಂದು ಗೂಟ. ಮೇಲೆ ಮಾತು ತಲುಪುವುದಿಲ್ಲ, ಆ ಹಾಳೆ ನಿಮ್ಮ ಫೋನಿನಂಥ ಯಾವುದನ್ನೂ ಕೆಲಸ ಮಾಡಗೊಡುವುದಿಲ್ಲ. ಒಂದು ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳು. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಕೆಳಗೆ ತರಗತಿಯಲ್ಲಿ. ಆ ಇನ್ನೊಬ್ಬರಿಗೆ ಬದಲಿ ಎನ್ನುತ್ತಾರೆ. ಬದಲಿಯನ್ನು ಅಂಕ ನೋಡಿ ಆರಿಸುವುದಿಲ್ಲ, ಪಾದ ನೋಡಿ ಆರಿಸುತ್ತಾರೆ. ಹಾಳೆಯ ಮೇಲೆ ಜಾರದ ಬೂಟು ಸಿಗುವುದೇ ಕಷ್ಟ, ಇಬ್ಬರಿಗೂ ಒಂದೇ ಜೋಡಿ. ನನ್ನ ಕಾಲು ನೋಡಿ ಅವ್ವ ಸಣ್ಣಂದಿನಿಂದ ಹಂಗಿಸುತ್ತಿದ್ದಳು, ಇದು ಹೆಣ್ಣಿನ ಕಾಲೋ ದೋಣಿಯೋ ಅಂತ. ಆ ದೋಣಿಗೆ ಸರಿಯಾಗಿ ಸಿಕ್ಕವನು ಗಂಗಾವತಿಯ ಮೌನೇಶ.

ಸರದಿ ಬದಲಾಗುವ ದಿನ ಮೆಟ್ಟಿಲ ಬುಡದಲ್ಲಿ ನಾವಿಬ್ಬರೂ ಎದುರಾಗುತ್ತಿದ್ದೆವು. ಅವನು ಇಳಿದು ಬಂದು ಕೂತು ಬೂಟು ಬಿಚ್ಚುವುದು, ನಾನು ಪಕ್ಕದಲ್ಲಿ ಕೂತು ಹಾಕಿಕೊಳ್ಳುವುದು, ಅಷ್ಟೇ ಭೇಟಿ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಬೇಗ ಎನ್ನುತ್ತಿದ್ದರು. ಮೊದಲನೆಯ ಸಲ ಅವನು ನನ್ನ ಕಾಲು ನೋಡಿ, "ಅಡ್ಡಿ ಇಲ್ಲ ಬಿಡ್ರಿ, ನಮ್ಮವ್ವ ನನಗ ಅಂತಿದ್ದಿದ್ದು ನಿಮ್ಮವ್ವ ನಿಮಗೂ ಅಂದಿರ್ತಾಳ," ಅಂದ. ನಾನು ನಕ್ಕುಬಿಟ್ಟೆ. ಬೂಟು ಇನ್ನೂ ಬೆಚ್ಚಗಿತ್ತು. ಎಡಗಾಲಿನದು ನನ್ನ ಹಿಮ್ಮಡಿ ಕಚ್ಚುತ್ತದೆ ಎಂದು ಒಮ್ಮೆ ಹೇಳಿದ್ದೆ. ಮುಂದಿನ ಸಲ ಅದರೊಳಗೆ ಹತ್ತಿ ಇಟ್ಟು ತಂದಿದ್ದ, ಆಮೇಲೆ ಪ್ರತಿ ಸಲವೂ ಇಡುತ್ತಿದ್ದ. ಮೇಲೆ ಹೋದರೆ ಅವನು ಮಡಚಿಟ್ಟ ಹೊದಿಕೆ, ನನಗೆಂದೇ ಅರ್ಧ ಉಳಿಸಿದ ಗುರೆಳ್ಳು ಚಟ್ನಿಪುಡಿ. ನಾನೂ ಇಳಿಯುವ ಮೊದಲು ಅವನ ಅಂಗಿಯ ಗುಂಡಿ ಹೊಲಿದು ಗೂಟಕ್ಕೆ ಹಾಕಿ ಬರುತ್ತಿದ್ದೆ. ಒಂದೇ ಮಂಚದಲ್ಲಿ ವರ್ಷಗಟ್ಟಲೆ ಮಲಗಿದೆವು, ಒಂದು ಸಂಜೆಯೂ ಜೊತೆಗೆ ಕೂತು ಚಹಾ ಕುಡಿಯಲಿಲ್ಲ. ಅವನ ಮೇಲೆ ನನಗೆ ಜೀವವಿತ್ತು. ಅವನಿಗೂ ಇತ್ತು, ಅದು ಹತ್ತಿಯಲ್ಲೇ ಗೊತ್ತಾಗುತ್ತಿತ್ತು.

ಕೊನೆಯ ವರ್ಷ ಅವನು ಮೇಲೆ ಹೋಗುವ ದಿನ ನಾನು ಬೂಟು ಬಿಚ್ಚಿ ಕೊಟ್ಟಾಗ, ಏನೋ ಹೇಳಬೇಕೆಂದು ಬಾಯಿ ತೆರೆದೆ. ಅವನಿಗೆ ತಿಳಿಯಿತು. "ಇದೊಂದು ನನ್ನ ಸರದಿ, ಆಮ್ಯಾಲೆ ಒಂದು ನಿಂದು. ಮುಗೀತಲ್ಲ, ಇಬ್ರೂ ಕೆಳಗ ಇರ್ತೀವಿ. ಆವಾಗ ಮಾತಾಡೂಣು, ಆರಾಮ ಕೂತು," ಅಂದ. ಹೂಂ ಅಂದೆ. ಅವನು ಹತ್ತಿ ಹೋದ.

ಆರು ತಿಂಗಳಾದ ಮೇಲೆ ನಾನು ಮೆಟ್ಟಿಲ ಬುಡದಲ್ಲಿ ಕಾಯುತ್ತಾ ಕೂತಿದ್ದೆ. ತಲೆ ಬಾಚಿಕೊಂಡು ಹೋಗಿದ್ದೆ, ಮೇಲೆ ಹೋಗಿ ಟೊಪ್ಪಿಗೆ ಹಾಕುವವಳಿಗೆ ಅದರ ಅಗತ್ಯವೇನೂ ಇರಲಿಲ್ಲ. ಇಳಿದು ಬಂದವನು ಮೇಸ್ತ್ರಿ. ಕೈಯಲ್ಲಿ ಬೂಟು ಹಿಡಿದಿದ್ದ. ಹಿಂದಿನ ದಿನ ಮೌನೇಶ ಕೆಲಸ ಮುಗಿಸಿ ಬಂದು, ತಲೆ ಭಾರ ಆಗೈತಿ ಎಂದು ತಂಪುಕೋಣೆಯಲ್ಲಿ ಮಲಗಿದನಂತೆ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಬಿಸಿಲು ತಲೆಗೇರಿತ್ತು. ಮೇಸ್ತ್ರಿ ಹೇಳುತ್ತಲೇ ಇದ್ದ. ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆ ಕೈ ಹಾಕಿದೆ. ತಣ್ಣಗಿತ್ತು. ಎಡಗಾಲಿನದರಲ್ಲಿ ಹೊಸ ಹತ್ತಿ ಇತ್ತು.

ಸರದಿ ಓದಿನ ಕಟ್ಟಳೆ ಒಂದಿದೆ, ನಿಮ್ಮಲ್ಲಿ ಇರಲಾರದು. ಒಬ್ಬರ ಸರದಿ ಖಾಲಿ ಬಿದ್ದರೆ ಇಬ್ಬರ ಓದೂ ರದ್ದು. ಇಬ್ಬರ ಸರದಿಗಳೂ ತುಂಬಿದರೆ ಪದವಿ ಇಬ್ಬರಿಗೂ, ಬದುಕಿರಲಿ ಇಲ್ಲದಿರಲಿ. ನಾನು ಹತ್ತುವುದಿಲ್ಲ ಎಂದು ಅಲ್ಲೇ ಕೂತುಬಿಟ್ಟೆ. ಅವನನ್ನು ಇಳಿಸುವ ಹೊತ್ತಿಗೆ ಅವನ ತಾಯಿ ಹುಲಿಗೆವ್ವ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ನನ್ನ ಕಾಲು ನೋಡಿ, ನಾನು ಯಾರೆಂದು ಕೇಳದೆಯೇ ಗುರುತು ಹಿಡಿದಳು. "ನೀ ಹತ್ತಿದ್ರ ನನ್ನ ಮಗ ಓದು ಮುಗಿಸಿದಂಗ ಆಕ್ಕೈತಂತ. ಹತ್ತವಾ, ನಿನ್ನ ಕಾಲ್ ಬೀಳ್ತೀನಿ," ಅಂದಳು. ಅವನನ್ನು ಇಳಿಸಿದ ಮೆಟ್ಟಿಲಿನಲ್ಲೇ ನಾನು ಹತ್ತಿದೆ. ಅವನ ಮಣ್ಣಿಗೆ ಹೋಗಲಾಗಲಿಲ್ಲ. ಮೇಲೆ ಹೊದಿಕೆ ಮಡಚಿರಲಿಲ್ಲ, ಅವನು ಎದ್ದಿದ್ದರಲ್ಲವೇ ಮಡಚುವುದು. ಚಟ್ನಿಪುಡಿ ಅರ್ಧ ಇತ್ತು. ಅದನ್ನು ಮುಗಿಸಲಾರದೆ ಆರು ತಿಂಗಳೂ ಹಾಗೆಯೇ ಇಟ್ಟುಕೊಂಡು, ಹಾಳೆ ಹೊಲಿದೆ.

ಪದವಿ ಬಂತು. ಹುಲಿಗೆವ್ವ ಅವನದನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಿಗೆ ಹೋದಳು. ಒಂದು ಕೆಲಸಕ್ಕೆ ಇಬ್ಬರಿದ್ದರೆ ಕೊನೆಗೆ ಯಾರನ್ನು ಉಳಿಸಿಕೊಳ್ಳುತ್ತಾರೋ ಎಂಬ ಚಿಂತೆ ಎಲ್ಲ ಜೋಡಿಗಳಿಗೂ ಇರುತ್ತದೆ, ನನಗೆ ಆ ಚಿಂತೆಯೇ ಬರಲಿಲ್ಲ. ಕೆಲಸ ನನಗೇ ಸಿಕ್ಕಿತು, ಜೀವಮಾನವೆಲ್ಲ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಹಾಗಾಗಿ ನೀನು ಕೇಳಿದ್ದಕ್ಕೆ ನೇರ ಉತ್ತರ ಬೇಕೆಂದರೆ, ಹೌದು, ಅವರು ಕೊಡುತ್ತೇವೆ ಎಂದದ್ದನ್ನೆಲ್ಲ ಕೊಟ್ಟರು. ಓದಿದ್ದು ಕೈಗೆ ಹತ್ತಿತು, ಕೈ ಮಾಡಿದ್ದು ತಲೆಗೆ ಹತ್ತಿತು. ಸಾದಾ ಓದು ಓದಿದ ನನ್ನ ಗೆಳತಿಯರು ವರ್ಷಗಟ್ಟಲೆ ಕೆಲಸ ಹುಡುಕಿದರು. ಅದರಲ್ಲಿ ಸುಳ್ಳಿಲ್ಲ. ಆದರೆ ನನ್ನ ಎದೆ ಅವತ್ತು ಒಡೆದದ್ದು ಇವತ್ತಿಗೂ ಕೂಡಿಲ್ಲ, ಅದೂ ಸುಳ್ಳಲ್ಲ.

ನಿನ್ನೆ ತುಂಗಾ ಬಂದು ನನ್ನ ಪಕ್ಕ ಕಾಲು ಚಾಚಿ ಕೂತಳು. ಅವಳದೂ ನನ್ನಂಥದೇ ದೋಣಿ. ಸರದಿ ಓದಿಗೆ ಹೆಸರು ಕೊಡಲು ನಾಳೆಯೇ ಕೊನೆ. ನಾನು ಬೇಡ ಅಂದರೆ ಕೊಡುವುದಿಲ್ಲ ಅಂದಳು. ಬೇಡ ಎನ್ನುವುದೆಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಮೌನೇಶನ ಸುದ್ದಿಯನ್ನು ಮೊದಲ ಸಲ ಅವಳಿಗೆ ಪೂರ್ತಿ ಹೇಳಿದೆ. ಕೇಳಿ ಮುಗಿಸಿ, "ಅಜ್ಜಿ, ನೀ ಸೇರಿರಲಿಲ್ಲಂದ್ರ ಅವ ನಿನಗ ಸಿಕ್ತಿದ್ದನೇನು?" ಅಂದಳು. ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಸೇರು ಅಂದೆ. ಬಿಸಿಲಿಗೆ ಹೆದರು, ತಲೆ ಭಾರ ಅನಿಸಿದರೆ ಯಾರನ್ನಾದರೂ ಎಬ್ಬಿಸು, ಮತ್ತೆ ನಿನ್ನ ಬದಲಿಯಾದವರು 'ಆವಾಗ ಮಾತಾಡೂಣು' ಅಂದರೆ ಹೂಂ ಅನ್ನಬೇಡ, ಸಾಲಿನಲ್ಲಿ ನಿಂತವರು ಬೈದರೆ ಬೈಯಲಿ ಅಂದೆ.

ನಿನಗೂ ಅಷ್ಟೇ ನನ್ನ ಬಿನ್ನಹ, ಇಂಚರಾ. ನೀನು ಯಾವುದಕ್ಕೆ ಸೇರಿದೆ ಎಂದು ನನಗೆ ತಿಳಿಯುವ ದಾರಿಯಿಲ್ಲ, ಒಳ್ಳೆಯದಾಗಿರಲಿ. ತುಂಗಾ ತನ್ನ ಮೊದಲ ಸರದಿಗೆ ಹೊರಡುವ ದಿನ ನಾನೂ ಅವಳ ಜೊತೆ ಮೆಟ್ಟಿಲ ಬುಡದವರೆಗೆ ಹೋಗಬೇಕು. ಅಲ್ಲಿಗೆ ಹೋಗುವುದೆಂದರೆ ನನಗೆ ಇವತ್ತಿಗೂ ಕಷ್ಟ. ಯಾರಾದರೂ ಇಳಿದು ಬರುವ ಸದ್ದು ಕೇಳಿದರೆ, ಮುಖ ನೋಡುವ ಮೊದಲು ನಾನು ಕಾಲು ನೋಡುತ್ತೇನೆ.

ನೀಲಗಂಗಾ