ಚಿಕ್ಕವೆಂಕಟಮ್ಮನ ಅಕ್ಕಿ ಪ್ಲಾಸ್ಟಿಕ್ ಅಲ್ಲವೆಂದು ನಿಮಗೂ ಗೊತ್ತಿತ್ತು

ಸತ್ಯ ಹುಡುಕಿ ಎಂದು ಮಕ್ಕಳಿಗೆ ಹೇಳಿ, ಅವರು ಹುಡುಕಿ ತಂದಾಗ ಮುಖ ತಿರುಗಿಸಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ನೀವು ನಮಗೆ ಮೋಸ ಮಾಡಿದಿರಿ. ಇದನ್ನು ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ತಪ್ಪೇ ಮಾಡದ ಹೆಂಗಸೊಬ್ಬಳನ್ನು ಬಿಸಿಯೂಟದ ಕೆಲಸದಿಂದ ತೆಗೆಸಿದಿರಿ. ಆಕೆಯ ತಪ್ಪಿಲ್ಲವೆಂದು ತೋರಿಸಿದ ಮಕ್ಕಳ ಬಾಯಿಗೆ ಬೀಗ ಹಾಕಿದಿರಿ. ನಾನು ನಗರಗೆರೆ ಹೋಬಳಿಯ ಹಳ್ಳಿಯೊಂದರ ಪ್ರೌಢಶಾಲೆಯ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ, ಒಂಬತ್ತನೆಯ ತರಗತಿಯ ಭಾನುಪ್ರಿಯಾಳ ತಾಯಿ. ಕಚೇರಿಗೆ ಬಂದರೆ ನೀವು ಮೀಟಿಂಗಿನಲ್ಲಿರುತ್ತೀರಿ, ಫೋನು ಮಾಡಿದರೆ ಜೀಪಿನಲ್ಲಿರುತ್ತೀರಿ. ಪತ್ರಿಕೆಯನ್ನಾದರೂ ಓದುತ್ತೀರೆಂದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಈ ಮಳೆಗಾಲದ ಆರಂಭದಲ್ಲಿ ನಮ್ಮ ಶಾಲೆಗೆ ಬಂದು ‘ಸುದ್ದಿ ಸೋಸುವ ತರಗತಿ’ ಉದ್ಘಾಟಿಸಿದಿರಿ. ಭಾಷಣ ಸೊಗಸಾಗಿತ್ತು. “ಮೊಬೈಲಿಗೆ ಬಂದದ್ದೆಲ್ಲ ನಿಜವಲ್ಲ ಮಕ್ಕಳೇ. ಯಾರು ಹೇಳಿದ್ದು, ಯಾವಾಗಿನದು, ಬೇರೆ ಕಡೆ ಏನಂತಾರೆ, ನೋಡಿ. ನಾನು ಹೇಳಿದರೂ ಪರೀಕ್ಷೆ ಮಾಡದೆ ನಂಬಬೇಡಿ” ಎಂದಿರಿ. ಪಾಪ, ಮಕ್ಕಳು ನಿಮ್ಮನ್ನು ನಂಬಿದರು. ಅಂದಿನಿಂದ ನನ್ನ ಮಗಳು ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ಸಕ್ಕರೆ ಕಾಯಿಲೆಗೆ ಯಾವುದೋ ಎಲೆಯ ಕಷಾಯದ ವಿಡಿಯೊ ನೋಡಿ ನಮ್ಮತ್ತೆ ಮಾತ್ರೆ ಬಿಡಲು ಹೊರಟಾಗ ಇವಳು ಅಡ್ಡ ನಿಂತಳು. “ಆವಯ್ಯ ಡಾಕ್ಟರೇ ಅಲ್ಲ ಕಣಜ್ಜಿ. ಇನ್ನೊಂದು ವಿಡಿಯೊದಾಗೆ ಇವನೇ ಬೋಳುತಲೆಗೆ ಎಣ್ಣೆ ಮಾರ್ತಾನೆ, ನೋಡು” ಎಂದು ತೋರಿಸಿದಳು. ಅತ್ತೆ ಬೈದುಕೊಂಡೇ ಮಾತ್ರೆ ನುಂಗಿದರು. ಸರ್ಕಾರಿ ಶಾಲೆಗೆ ಹಾಕಿದ್ದು ಸಾರ್ಥಕವಾಯಿತೆಂದು ಅವತ್ತು ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ದಸರಾ ರಜೆ ಮುಗಿದ ಮೇಲೆ ಅಕ್ಕಿಯ ವಿಡಿಯೊ ಬಂತು. ಬಸ್ ನಿಲ್ದಾಣದ ಹತ್ತಿರ ಮೊಬೈಲು ರಿಪೇರಿ ಮಾಡುವ ಕೆಂಪರಾಜು ಶಾಲೆಗೆ ಬಂದಿದ್ದವನು, ನಮ್ಮ ಅಡುಗೆಯ ಚಿಕ್ಕವೆಂಕಟಮ್ಮ ಅಕ್ಕಿ ತೊಳೆಯುವುದನ್ನು ನೋಡಿದ. ಕೆಲವು ಕಾಳು ನೀರಿನ ಮೇಲೆ ತೇಲಿದವು. ‘ಮಕ್ಕಳ ಊಟಕ್ಕೆ ಪ್ಲಾಸ್ಟಿಕ್ ಅಕ್ಕಿ’ ಎಂದು ವಿಡಿಯೊ ಬಿಟ್ಟೇಬಿಟ್ಟ. ಅದು ಗಡಿ ದಾಟಿ ಆಂಧ್ರದ ಕಡೆಯ ಗುಂಪುಗಳಿಗೆ ಹೋಯಿತು. ಅಲ್ಲಿ ಯಾರೋ ತೆಲುಗಿನಲ್ಲಿ ದನಿ ಸೇರಿಸಿ ‘ಪ್ಲಾಸ್ಟಿಕ್ ಬಿಯ್ಯಂ’ ಮಾಡಿದರು. ಅದೇ ಪಾತ್ರೆ, ಅದೇ ಕೈ, ಅದೇ ಬಳೆ ಮರುದಿನ ತೆಲುಗು ಮಾತಾಡುತ್ತಾ ನಮ್ಮೂರಿಗೆ ವಾಪಸು ಬಂದಾಗ ಜನ “ನೋಡ್ರಪ್ಪ, ಅಲ್ಲೂ ಸಿಕ್ಕೈತೆ!” ಎಂದು ಕೂಗಿಕೊಂಡು ಶಾಲೆಯ ಗೇಟಿಗೆ ಬಂದರು. ನಮ್ಮ ಸುಳ್ಳಿಗೆ ನಮ್ಮ ಸುಳ್ಳೇ ಸಾಕ್ಷಿ ಹೇಳಿತು. ಎರಡೂ ಭಾಷೆ ಬಲ್ಲ ಊರಿಗೆ ಎರಡೂ ಒಂದೇ ವಿಡಿಯೊ ಎಂದು ಹೊಳೆಯಲಿಲ್ಲ.

ಹೊಳೆದದ್ದು ಮಕ್ಕಳಿಗೆ. ಬಳೆ ನೋಡಿ ಗುರುತು ಹಿಡಿದವಳು ಭಾನು. ಅವಳೂ ಅವಳ ಗೆಳತಿಯರೂ ತರಗತಿ ನಡೆಸುವ ಅಪೇಕ್ಷಾ ಟೀಚರ ಜೊತೆ ಕೂತು ಮೂಟೆಯ ಮೇಲಿನ ಅಕ್ಷರ ಓದಿದರು. ಅದು ಸಾರವರ್ಧಿತ ಅಕ್ಕಿ. ಮಕ್ಕಳಲ್ಲಿ ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಸತ್ವ ಸೇರಿಸಿ ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳುಗಳನ್ನು ಸರ್ಕಾರವೇ ಅದರಲ್ಲಿ ಬೆರೆಸಿ ಕಳಿಸುತ್ತದೆ. ತೇಲಿದ್ದು ಆ ಕಾಳು. ಮಕ್ಕಳು ಅವನ್ನೇ ಆರಿಸಿ ಬೇಯಿಸಿದರು, ಮೆತ್ತಗೆ ಬೆಂದವು. ಎಲ್ಲವನ್ನೂ ಎರಡೂ ಭಾಷೆಯಲ್ಲಿ ಹೇಳಿ ವಿಡಿಯೊ ಮಾಡಿ, ನೀವು ಬರುವುದನ್ನೇ ಕಾದು ಕೂತರು. ಅಂದಹಾಗೆ, ಈ ಕಾಳಿನ ವಿಷಯ ಅಡುಗೆಯವರಿಗೆ ತಿಳಿಸಬೇಕಾದವರು ಯಾರು ಸ್ವಾಮಿ? ನೀವೇ ಅಲ್ಲವೆ? ಚಿಕ್ಕವೆಂಕಟಮ್ಮ ಅದನ್ನು ಜೊಳ್ಳೆಂದು ತಿಳಿದು ಇಷ್ಟು ದಿನ ಸೋಸಿ ಚೆಲ್ಲುತ್ತಿದ್ದಳು.

ನೀವು ಬಂದಿರಿ. ಮೂಟೆ ನೋಡಲಿಲ್ಲ, ಮಕ್ಕಳ ವಿಡಿಯೊ ನೋಡಲಿಲ್ಲ. ಗೇಟಿನ ಹೊರಗೆ ಕ್ಯಾಮೆರಾಗಳ ಮುಂದೆ ನಿಂತು “ತಪ್ಪಿತಸ್ಥರನ್ನು ಕೆಲಸದಿಂದ ತೆಗೆಯಲಾಗಿದೆ” ಎಂದಿರಿ. ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ “ನೇನೇಂ ಚೇಸ್ತಿನಯ್ಯಾ, ನಾನೇನ್ ಮಾಡ್ದೆ ಸಾಮಿ” ಎಂದು ಎರಡೂ ಭಾಷೆಯಲ್ಲಿ ಕೇಳಿದಳು. ನೀವು ಎರಡನ್ನೂ ಕೇಳಿಸಿಕೊಂಡು ಜೀಪಿನ ಕಡೆ ನಡೆದಿರಿ. ನೀವು ಜೀಪು ಹತ್ತುವಾಗ ನನ್ನ ಮಗಳು ಮೊಬೈಲು ಹಿಡಿದು ಅಡ್ಡ ಬಂದಳು. “ಸಾರ್, ಅದು ಪ್ಲಾಸ್ಟಿಕ್ ಅಲ್ಲ ಸಾರ್, ಒಂದ್ನಿಮಿಷ ನೋಡಿ ಸಾರ್.” ಆಗ ನೀವು ದನಿ ತಗ್ಗಿಸಿ ಹೇಳಿದ ಮಾತು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. “ನಂಗೂ ಗೊತ್ತಮ್ಮ ಅದು ಪ್ಲಾಸ್ಟಿಕ್ ಅಲ್ಲ ಅಂತ. ಜನಕ್ಕೆ ಸಮಾಧಾನ ಆಗ್ಬೇಕಲ್ಲ? ನೀನು ಹೋಗಿ ಓದ್ಕೋ.”

ಗೊತ್ತಿರಲಿಲ್ಲ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಕೆಂಪರಾಜುವಿನ ಮೇಲೂ ನನಗೆ ಇಷ್ಟು ಸಿಟ್ಟಿಲ್ಲ, ಅವನು ತಿಳಿಯದೆ ಮಾಡಿದ. ನೀವು ತಿಳಿದೇ ಒಬ್ಬಳ ಅನ್ನ ಕಿತ್ತುಕೊಂಡಿರಿ. ಮರುವಾರ ಪರೀಕ್ಷೆಯ ನೆಪ ಹೇಳಿ ಆ ತರಗತಿಯನ್ನೂ ನಿಲ್ಲಿಸಿದಿರಿ. ಚಿಕ್ಕವೆಂಕಟಮ್ಮ ಈಗ ನಮ್ಮ ಬೀದಿಯಲ್ಲಿ ನಡೆಯುವುದಿಲ್ಲ, ಕೆರೆಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾಳೆ.

ಇನ್ನೊಂದು ವಿಷಯವಿದೆ, ಇದು ನಿಮ್ಮದೇ. ಕಳೆದ ವಾರದಿಂದ ನಮ್ಮ ಗುಂಪುಗಳಲ್ಲಿ ನಿಮ್ಮ ಫೋಟೊ ಓಡಾಡುತ್ತಿದೆ. ಲಾರಿಯ ಪಕ್ಕ ನಗುತ್ತಾ ನಿಂತಿದ್ದೀರಿ. ‘ಒಳ್ಳೆಯ ಅಕ್ಕಿ ಮಾರಿಕೊಂಡು ಮಕ್ಕಳಿಗೆ ಪ್ಲಾಸ್ಟಿಕ್ ಹಾಕಿದ ಅಧಿಕಾರಿ’ ಎಂದು ಕೆಳಗೆ ಬರೆದಿದ್ದಾರೆ. ಜನ ನಂಬಿದ್ದಾರೆ. ನಾನು ಭಾನುವಿಗೆ ತೋರಿಸಿದೆ. ನೋಡಿದ ಕೂಡಲೇ ಹೇಳಿದಳು, “ಇದು ಹೋದ ವರ್ಷದ್ದಮ್ಮ. ಲಾರಿಯಾಗೆ ಇರೋದು ಟೆಕ್ಸ್ಟ್ ಬುಕ್ಕು. ಬಾವುಟ ಹಿಡ್ಕೊಂಡು ಮೂಲೇಲಿ ನಿಂತಿರೋದು ನಾನೇ.” ಹಾಗಾದರೆ ಗುಂಪಿನಲ್ಲಿ ಹಾಕು, ಎಂದೆ. ಅವಳು ಮೊಬೈಲು ನನ್ನ ಕೈಗೇ ಕೊಟ್ಟಳು.

“ಯಾಕಮ್ಮ? ಚಿಕ್ಕವೆಂಕಟಮ್ಮನ ವಿಷ್ಯ ಅವರಿಗೂ ಗೊತ್ತಿತ್ತಲ್ಲ, ಹೇಳಿದ್ರಾ?”

ಈ ಮಾತನ್ನು ಅವಳಿಗೆ ಕಲಿಸಿದ್ದು ಮೊಬೈಲಲ್ಲ, ನೀವು. ಆದ್ದರಿಂದ ಅವಳ ಬದಲು ನಾನೇ ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ: ಆ ಫೋಟೊ ಸುಳ್ಳು. ಈ ಅಧಿಕಾರಿ ಅಕ್ಕಿ ಮಾರಿಲ್ಲ. ಲಾರಿಯಲ್ಲಿದ್ದದ್ದು ಮಕ್ಕಳ ಪುಸ್ತಕ. ನಿಮ್ಮ ಮೇಲೆ ಸಿಟ್ಟಿದೆಯೆಂದು ಸುಳ್ಳನ್ನು ಸುಮ್ಮನೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಈಗ ನಿಮ್ಮ ಸರದಿ. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ನಮ್ಮ ಶಾಲೆಗೆ ಬನ್ನಿ. ಕ್ಯಾಮೆರಾದವರನ್ನೂ ಕರೆತನ್ನಿ. ಚಿಕ್ಕವೆಂಕಟಮ್ಮನ ತಪ್ಪಿಲ್ಲವೆಂದು ಮಕ್ಕಳ ಮುಂದೆ, ಜೀಪಿನ ಹತ್ತಿರ ಪಿಸುಗುಟ್ಟಿದಂತಲ್ಲ, ಮೈಕಿನಲ್ಲಿ ಹೇಳಿ. ಆಕೆಯನ್ನು ಕೆಲಸಕ್ಕೆ ಮರಳಿ ಕರೆಯಿರಿ, ತರಗತಿ ಮತ್ತೆ ಶುರುಮಾಡಿ. ನೀವು ಬಾರದಿದ್ದರೆ ನಾವೇನೂ ಧರಣಿ ಕೂರುವುದಿಲ್ಲ. ನಮ್ಮ ಮಕ್ಕಳು ಇನ್ನು ಮುಂದೆ ನಿಜ ಗೊತ್ತಿದ್ದೂ ಸುಮ್ಮನಿರುತ್ತಾರೆ, ಅಷ್ಟೇ.

ಇಂತಿ,
ನಿಮ್ಮ ಪರವಾಗಿ ನಿಜ ಹೇಳಬೇಕಾಗಿ ಬಂದ,
ಶ್ಯಾಮಲಮ್ಮ