ಎಲ್ಲಿಗೆ ಎಂದರೆ ಬಯಲಿಗೆ

ಡೋಣಿ ಹೊಳೆಯ ದಂಡೆ, ವಿಜಯಪುರ ಸೀಮೆ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹದಿಮೂರು

ಪೂಜ್ಯ ಆಯಿಯವರಿಗೆ ನಮಸ್ಕಾರ, ಚಿರಂಜೀವಿ ಆಯಿಗೆ ಆಶೀರ್ವಾದ.

ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದಿದ್ದಾರೆ ಎಂದು ಪತ್ರವನ್ನು ಬದಿಗಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದೊಂದು ತಿಂಗಳನ್ನು ಇನ್ನೆಷ್ಟು ಶತಮಾನ ಅರೆಹೊಟ್ಟೆಯಲ್ಲಿಡುವುದು ಎಂದು ಯಾರಿಗೋ ಕನಿಕರ ಬಂತು. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ, ಹಾಗಾಗಿ ಕಾಲಿಗೆ ಬೀಳಬೇಕಾದವಳು ನಾನು. ಆದರೆ ಈ ಪತ್ರ ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತಾರು, ಶಾಲೆಗೆ ಹೊಸದಾಗಿ ಬಂದ ಅಕ್ಕೋರು. ನನಗೆ ಐವತ್ತೆಂಟು, ಮೊಣಕಾಲು ನೋವು, ಅದೇ ಊರಿನ ಅದೇ ಶಾಲೆಯ ಅಕ್ಕೋರು. ಆದ್ದರಿಂದ ನಮಸ್ಕಾರ, ಆಶೀರ್ವಾದ ಎರಡನ್ನೂ ಬರೆದಿದ್ದೇನೆ, ಬೇಕಾದದ್ದನ್ನು ಇಟ್ಟುಕೊಳ್ಳಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತದ್ದು.

ನಮ್ಮ ಬಿಸಿಲು ನಿಮ್ಮ ಬಿಸಿಲಿನಂಥದ್ದಲ್ಲ. ಶಾಲೆ ಬೆಳಕು ಹರಿಯುವ ಮೊದಲೇ ಶುರುವಾಗಿ ಹೊತ್ತೇರುವುದರೊಳಗೆ ಮುಗಿಯುತ್ತದೆ. ಓಣಿಗಳ ಮೇಲೆಲ್ಲ ಬಟ್ಟೆಯ ಚಪ್ಪರ ಕಟ್ಟಿದ್ದೇವೆ, ಅದಕ್ಕೆ ನೆರಳೋಣಿ ಎಂದು ಹೆಸರು. ಗಾಡಿಗಳು ಸದ್ದೇ ಮಾಡುವುದಿಲ್ಲ, ಹಾಗಾಗಿ ಎಮ್ಮೆಗಳಿಗೆ ಕಟ್ಟುತ್ತಿದ್ದ ಗಂಟೆಯನ್ನು ಈಗ ಗಾಡಿಗಳಿಗೆ ಕಟ್ಟುತ್ತೇವೆ. ಜೋಳದ ರೊಟ್ಟಿ ಮಾತ್ರ ಹಾಗೇ ಇದೆ, ಬಡಿಯುವವರು ಈಗಲೂ ಮನೆಮಂದಿಯನ್ನೆಲ್ಲ ಬಯ್ಯುತ್ತಲೇ ಬಡಿಯುತ್ತಾರೆ. ನಿಮ್ಮ ಕಾಲದವರು ಹಳತಾಯಿತೆಂದು ಬಿಟ್ಟುಬಂದ ಮಣ್ಣಿನ ಮಾಳಿಗೆ ಮನೆಗಳನ್ನು, ತಂಪಿಗೆಂದು ನಾವು ಮತ್ತೆ ಕಟ್ಟಿಕೊಂಡೆವು. ದಪ್ಪ ಗೋಡೆ, ತೊಲೆಗಳ ಮೇಲೆ ಒಂದು ಮೊಳ ಮಣ್ಣು. ಒಳಗೆ ಕಾಲಿಟ್ಟರೆ ಜೀವ ತಂಪಾಗುತ್ತದೆ, ತಲೆಯ ಮೇಲೆ ಅಷ್ಟು ಭಾರವಿದೆ ಎಂಬುದೇ ಮರೆತುಹೋಗುತ್ತದೆ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನೆಲ ನಡುಗಿತು. ನಿಮ್ಮ ಕಾಲದಲ್ಲೂ ಆಗಾಗ ಅಡುಗೆಮನೆಯ ಪಾತ್ರೆ ಅಲುಗುವಷ್ಟು ನಡುಗುತ್ತಿತ್ತೆಂದು ಕೇಳಿದ್ದೇನೆ. ಇದು ಹಾಗಲ್ಲ, ಅರ್ಧ ಊರು ಕುಸಿಯಿತು. ನಮ್ಮಲ್ಲಿ ಪ್ರತಿ ಓಣಿಗೂ ಒಂದು ನೆಲಗಂಟೆ ಇದೆ. ನೆಲದಾಳದಿಂದ ಎರಡು ಅಲೆ ಹೊರಡುತ್ತವಲ್ಲ, ಚುರುಕಾಗಿ ಬಂದು ಮುಟ್ಟುವ ಸಣ್ಣ ಅಲೆಗೆ ಮುನ್ನಡುಕ ಎನ್ನುತ್ತೇವೆ, ಹಿಂದಿನಿಂದ ಬಂದು ಕೆಡವುವ ದೊಡ್ಡ ಅಲೆಗೆ ಹಿನ್ನಡುಕ. ಮುನ್ನಡುಕ ಮುಟ್ಟಿದ ಕೂಡಲೇ ಗಂಟೆ ಹೊಡೆಯುತ್ತದೆ. ಎರಡರ ನಡುವೆ ಸಿಗುವ ಚೂರು ಹೊತ್ತಿನಲ್ಲಿ ಬಾಗಿಲ ಹತ್ತಿರ ಇರುವವರು ಬಯಲಿಗೆ ಓಡಬೇಕು, ಒಳಗೆ ದೂರ ಇರುವವರು ಗಟ್ಟಿ ಮಂಚದ ಕೆಳಗೆ ಸೇರಿ ತಲೆ ಮುಚ್ಚಿಕೊಳ್ಳಬೇಕು. ಆ ಸಂಜೆಯೂ ಗಂಟೆ ಸರಿಯಾಗಿಯೇ ಹೊಡೆಯಿತು.

ನನ್ನ ಐದನೇ ತರಗತಿಯಲ್ಲಿ ಅಮೋಘಿ ಎಂಬ ಹುಡುಗಿ ಇದ್ದಾಳೆ. ಪ್ರಶ್ನೆ ಕೇಳಿ ಕೇಳಿ ನನ್ನ ಪ್ರಾಣ ಹಿಂಡುತ್ತಿದ್ದವಳು. ಆಗ ಅವಳು ಮನೆಯ ಮುಂದೆ ಆಡುತ್ತಿದ್ದಳು. ಗಂಟೆ ಕೇಳಿ ಅವಳ ಅಜ್ಜ ಮಲಕಾರಪ್ಪನವರು ಹೊಸ್ತಿಲು ದಾಟಿ ಹೊರಗೆ ಬಂದರು. ಆಟದ ಗುಂಗಿನಲ್ಲಿ ಗಂಟೆಯನ್ನು ಕಿವಿಗೇ ಹಾಕಿಕೊಳ್ಳದ ಇವಳು, "ಮುತ್ಯಾ, ಎಲ್ಲಿಗಿ ಹೊಂಟಿ?" ಎಂದು ಕೂಗಿದಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಅವರು ಒಳಗೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಈ ಶಾಸ್ತ್ರ ನಿಮಗೆ ಗೊತ್ತೇ ಇದೆ. ಪೆಟ್ರೋಲು ಬಿಟ್ಟೆವು ಆಯಿ, ಇದನ್ನು ಬಿಡಲಿಲ್ಲ. ಮುತ್ಯಾನ ಕಾಲು ತಾನಾಗಿಯೇ ತಿರುಗಿತು. "ಹಂಗ ಕೇಳಬ್ಯಾಡಂತ ಎಷ್ಟ್ ಸಲಾ ಹೇಳೀನಿ" ಎಂದು ಗೊಣಗುತ್ತ ಒಳಗೆ ಹೋದರು. ಹಿನ್ನಡುಕ ಬಂತು, ಮಾಳಿಗೆ ಅವರ ಮೇಲೆ ಬಿತ್ತು. ಅಂದಿನಿಂದ ಅಮೋಘಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಊಟಕ್ಕೆ ಏನಿದೆ ಎಂದೂ ಕೇಳುತ್ತಿರಲಿಲ್ಲ, ಕೊಟ್ಟದ್ದನ್ನು ಸುಮ್ಮನೆ ತಿನ್ನುತ್ತಿದ್ದಳು.

ಇಂಥ ಮಗುವನ್ನು ಎದುರಿಗೆ ಕೂರಿಸಿಕೊಂಡು ಭೂಕಂಪದ ಪಾಠ ಮಾಡುವುದು ಹೇಗೆ, ನೀವೇ ಹೇಳಿ. ಮಾಡದೆ ಬಿಡುವಂತೆಯೂ ಇರಲಿಲ್ಲ. ಪುಸ್ತಕ ಮುಚ್ಚಿಟ್ಟು ನಮ್ಮ ಓಣಿಯಿಂದಲೇ ಶುರು ಮಾಡಿದೆ. ಮಕ್ಕಳಿಂದ ಹಸಿಮಣ್ಣಿನ ಪುಟ್ಟ ಮಾಳಿಗೆಗಳನ್ನು ಕಟ್ಟಿಸಿ, ಹಲಗೆಯ ಮೇಲಿಟ್ಟು ಅಲುಗಾಡಿಸಿ, ಯಾವುದು ಮೊದಲು ಬೀಳುತ್ತದೆ ಎಂದು ತೋರಿಸಿದೆ. ಎರಡೂ ಅಲೆಗಳು ಆಳದಲ್ಲಿ ಒಟ್ಟಿಗೇ ಹೊರಡುತ್ತವೆ, ನಾವು ಬಾಯಿ ತೆರೆಯುವ ಮೊದಲೇ ಎರಡನೆಯದೂ ದಾರಿಯಲ್ಲಿರುತ್ತದೆ, ಯಾರ ಮಾತಿನಿಂದಲೂ ಅದು ಬರುವುದಿಲ್ಲ ಎಂದು ಅವಳತ್ತ ನೋಡಿಯೇ ಹೇಳಿದೆ. ಅಮೋಘಿ ಎದ್ದು ನಿಂತಳು. "ನೆಲಾ ನಾ ನಡಗಿಸಿಲ್ರಿ ಅಕ್ಕೋರ, ಅದು ನನಗ ಗೊತ್ತೈತಿ. ಖರೆ ಮುತ್ಯಾನ್ನ ಒಳಗ ಕಳಸಿದಾಕಿ ನಾನ." ನನ್ನ ವಿಜ್ಞಾನವೆಲ್ಲ ಅಲ್ಲಿಗೇ ಮುಗಿಯಿತು. ಮಕ್ಕಳೆದುರಿಗೇ ಅತ್ತುಬಿಟ್ಟೆ.

ಮರುದಿನ ಅವಳನ್ನು ಅಂಗಳದಲ್ಲಿ ನಿಲ್ಲಿಸಿದೆ. ಗಂಟೆ ಹೊಡೆದ ಕೂಡಲೇ ನಾವೆಲ್ಲ ಹೊರಗೆ ಓಡಿ ಬರುತ್ತೇವೆ, ನೀನು ಎಲ್ಲಿಗೆ ಎಂದು ಕೂಗಬೇಕು ಎಂದೆ. ಒಲ್ಲೆ ಎಂದಳು. ಪೂಸಿ ಹೊಡೆದೆ, ಗದರಿದೆ, ಕೊನೆಗೆ ಕೈಯನ್ನೂ ಮುಗಿದೆ. ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಕೇಳಿದಳು. ಅಷ್ಟಕ್ಕೇ ಅರ್ಧ ತರಗತಿಯ ಕಾಲು ತಡೆಯಿತು. ಇಬ್ಬರು ನೀರಿನ ಕೊಡದ ಹತ್ತಿರ ಹೋಗಿಯೇಬಿಟ್ಟರು. ಮೂಢನಂಬಿಕೆಯ ಮೇಲೆ ಊರೂರಲ್ಲಿ ಭಾಷಣ ಮಾಡುವ ನಾನು ಹೊಸ್ತಿಲ ಮೇಲೆ ಗಕ್ಕನೆ ನಿಂತಿದ್ದೆ. ಅಮೋಘಿ ನಮ್ಮೆಲ್ಲರ ಕಾಲುಗಳನ್ನೂ ಒಂದೊಂದಾಗಿ ನೋಡಿದಳು. "ಎಲ್ಲಾರೂ ಹಂಗ ಮಾಡ್ತೀರಲ್ರಿ!" ಎಂದಳು. ನಾವೆಲ್ಲ ಸೇರಿ ಕಾಲಿಗೆ ಕಲಿಸಿದ ತಪ್ಪು ಅದು, ಅವಳೊಬ್ಬಳದಲ್ಲ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆಮೇಲೆ ಅವಳೇ ಹಟ ಹಿಡಿದು ಮತ್ತೆ ಮತ್ತೆ ಕೂಗಿದಳು. ನಾವು ಹಿಂದೆ ನೋಡದೆ "ಬಯಲಿಗಿ!" ಎಂದು ಅರಚುತ್ತ ಓಡಿದೆವು. ತಡೆದವರನ್ನು ಬಯ್ದಳು, ನನ್ನನ್ನು ಎಲ್ಲರಿಗಿಂತ ಹೆಚ್ಚು ಬಯ್ದಳು. ಈಗ ಓಣಿಯ ಮುದುಕರನ್ನೂ ಬಿಡದೆ ಓಡಿಸುತ್ತಿದ್ದಾಳೆ.

ಆ ದಿನ ಮನೆಗೆ ಹೋಗುವ ಮುನ್ನ ನನ್ನ ಸೆರಗು ಹಿಡಿದು ಒಂದು ಮಾತು ಕೇಳಿದಳು. "ಇದನ್ನ ಮದಲ ಯಾಕ ಯಾರೂ ಕಲಿಸಿಲ್ರಿ, ಅಕ್ಕೋರ?" ಅಷ್ಟು ತಿಂಗಳ ಮೇಲೆ ಅವಳ ಬಾಯಿಂದ ತಾನಾಗಿ ಬಂದ ಮೊದಲ ಪ್ರಶ್ನೆ. ಸಂತೋಷಕ್ಕೆ ಅವಳನ್ನು ತಬ್ಬಿಕೊಂಡೆ. ಈಗ ಆ ಪ್ರಶ್ನೆಯನ್ನೇ ನಿಮಗೆ ಕಳಿಸುತ್ತಿದ್ದೇನೆ.

ನಾಳೆ ನಿಮ್ಮ ತರಗತಿಯಲ್ಲಿ ಈ ಆಟ ಆಡಿಸಿ, ಆಯಿ. ಮಕ್ಕಳು ನಗುತ್ತಾರೆ, ನಗಲಿ. ಹೆಡ್‌ಮಾಸ್ತರರು ಇದೇನು ಗದ್ದಲ ಎಂದರೆ ಭೂಕಂಪದ ಪಾಠ ಎನ್ನಿ. ನಗುತ್ತ ಆಡಿದ ಆಟ ಅಕ್ಕನಿಂದ ತಂಗಿಗೆ, ತಾಯಿಯಿಂದ ಮಗಳಿಗೆ ಹೇಗೋ ದಾಟುತ್ತದೆ. ಹಾಗೆ ದಾಟುತ್ತ ದಾಟುತ್ತ ಮಲಕಾರಪ್ಪನವರ ಕಾಲಿನವರೆಗೂ ಬಂದರೆ, ಆ ಸಂಜೆ ಮೊಮ್ಮಗಳ ಕೂಗಿಗೆ ಅವರು ಬಯಲಿಗೆ ಎಂದು ಉತ್ತರ ಕೊಟ್ಟು, ಅವಳ ಕೈ ಹಿಡಿದು ಓಡುತ್ತಾರೆ. ಆಗ ನಾನು ನಿಮಗೆ ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ. ನಿಮ್ಮ ಜೊತೆ ಇಷ್ಟು ಹೊತ್ತು ಮಾತಾಡಿದ ಸುಖವೂ ನನಗೆ ಸಿಕ್ಕಿರುವುದಿಲ್ಲ. ಸಿಗದಿದ್ದರೆ ಬೇಡ, ಆಯಿ. ಮುತ್ಯಾ ಹೊರಗೆ ಬರಲಿ.

ಇನ್ನೂ ಹುಟ್ಟದ ನಿಮ್ಮ ಮರಿಮಗಳ ಮರಿಮಗಳು,
ನೀಲಾಂಬಿಕಾ