ಮಾಳಿಗೆಯ ಮೇಲಿನ ದವಡೆ ಹಲ್ಲು

ನಮ್ಮ ಸೀಮೆಯ ಬಾಯಿಗಳ ಹೊಣೆ ಹೊತ್ತಿರುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯಲ್ಲಿ ನನ್ನ ಮಗಳ ದವಡೆ ಹಲ್ಲನ್ನು ಇಕ್ಕಳ ಹಾಕಿ ಕಿತ್ತರು. ಕಿತ್ತವನು ಡಾಕ್ಟರನಲ್ಲ, ಜವಾನ. ಹಾಲುಹಲ್ಲು, ಮತ್ತೆ ಬರುತ್ತದೆ ಎಂದು ಹೇಳಿ ಕಿತ್ತ. ಅದು ಹಾಲುಹಲ್ಲಲ್ಲ, ಮತ್ತೆ ಬರುವುದೂ ಇಲ್ಲ. ನನ್ನ ದೂರು ಇಷ್ಟೇ. ತಮಗೆ ಕೆಲಸದ ಒತ್ತಡವಿದ್ದರೆ ಇಲ್ಲಿಗೇ ನಿಲ್ಲಿಸಿ, ಈ ಪತ್ರವನ್ನು ಕಡತಕ್ಕೆ ಸೇರಿಸಿಬಿಡಿ. ಮುಂದೆ ಓದುವಿರಾದರೆ ಮೇಜಿನ ಮೇಲಿನ ಚಹಾವನ್ನು ಕುಡಿದು ಮುಗಿಸಿ. ಆಮೇಲೆ ಕುಡಿಯುವ ಮನಸ್ಸಾಗುವುದಿಲ್ಲ.

ನಾನು ಸವಣೂರಿನ ಖಾರಾ, ಅಂದರೆ ಕರಿದ ಕುರುಕಲು ತಿಂಡಿ, ಮಾರುವ ವ್ಯಾಪಾರಿ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ತಿಳವಳ್ಳಿ ಎಂದು ಸಂತೆಯಿಂದ ಸಂತೆಗೆ ಡಬ್ಬಿ ಹೊತ್ತು ತಿರುಗುವವನು. ಆಸ್ಪತ್ರೆ ಇವುಗಳಲ್ಲಿ ಯಾವ ಊರಿನದು, ಅಥವಾ ಇವೆಲ್ಲವುಗಳ ಆಚೆಯದೋ, ನಾನು ಬರೆಯುವುದಿಲ್ಲ. ಬರೆದರೆ ಆ ಜವಾನನಿಗೊಂದು ನೋಟೀಸು ಕೊಟ್ಟು ಕೈ ತೊಳೆದುಕೊಳ್ಳುತ್ತೀರಿ. ನನಗೆ ಬೇಕಾಗಿರುವುದು ಅವನ ತಲೆಯಲ್ಲ.

ಅಂದು ಮಗಳು ಮಹೆಕಳ ಎಡಗೆನ್ನೆ ಬಾತು ಕಣ್ಣು ಅರ್ಧ ಮುಚ್ಚಿಹೋಗಿತ್ತು. ನೀರು ಕುಡಿಯಲೂ ಆಗದೆ ಚೀರುತ್ತಿದ್ದಳು. ನಾನು ಮತ್ತು ನನ್ನ ಹೆಂಡತಿ ತಹಮೀನಾ ಅವಳನ್ನು ಎತ್ತಿಕೊಂಡು ಹೋದೆವು. ಹಲ್ಲಿನ ಡಾಕ್ಟರು ವಾರಕ್ಕೊಮ್ಮೆ ಬರುವ ದಿನವದು, ಆದರೆ ಡಾಕ್ಟರಿಲ್ಲ. ಎಲ್ಲಿ ಎಂದರೆ, ಸಾಹೇಬರು ಕರೆದ ಮೀಟಿಂಗಿಗೆ ಹೋಗಿದ್ದಾರಂತೆ. ಯಾವ ಮೀಟಿಂಗು? ಬಾಯಿಯ ಆರೋಗ್ಯ ಸಪ್ತಾಹವನ್ನು ಹೇಗೆ ಆಚರಿಸಬೇಕು ಎನ್ನುವ ಮೀಟಿಂಗು! ನೀವು ಅಲ್ಲಿ ಬ್ಯಾನರಿನ ಬಣ್ಣ ಆರಿಸುತ್ತಿದ್ದ ಹೊತ್ತಿಗೆ ಇಲ್ಲಿ ಒಂದು ಕೂಸಿನ ಬಾಯಿ ಕೀವು ತುಂಬಿ ಒಡೆಯುವಂತಾಗಿತ್ತು.

ಜವಾನ ಮೈಲಾರಲಿಂಗನೇ (ಇದು ಅವನ ನಿಜ ಹೆಸರಲ್ಲ, ಹುಡುಕಬೇಡಿ) ಅಂದು ನಿಮ್ಮ ಇಲಾಖೆ. ಬಾಗಿಲ ಮುಂದೆ ಗದ್ದ ಹಿಡಿದುಕೊಂಡು ಕುಂತ ಜನವನ್ನೆಲ್ಲ ದಾಟಿ ಬಂದು ಮಹೆಕಳ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದ.

"ಹಾಲಹಲ್ಲ ಐತ್ರಿ ಇದು. ಕಿತ್ತ ಒಗದ್ರ ಮತ್ತ ಬರ್ತೈತಿ. ಡಾಕ್ಟರ್ ಇದ್ರೂ ಇದನ್ನ ಮಾಡ್ತಿದ್ರು."

"ಸಿಮೆಂಟ್ ತುಂಬಾಕ ಬರಂಗಿಲ್ಲೇನ್ರಿ?" ಎಂದಳು ತಹಮೀನಾ.

"ಕೊರಿಯೋ ಮಷಿನ್ ಬಂದಾಗಿಂದ ನಡದಿಲ್ರೀ ಅಕ್ಕಾರ. ಇಲ್ಲಿ ಕೀಳೋದೊಂದ ನಡಿತೈತಿ. ಗಟ್ಟಿ ಹಿಡ್ಕೋರಿ."

ಹಿಡಿದುಕೊಂಡೆವು. ತಾಯಿ ತಲೆ ಹಿಡಿದಳು, ನಾನು ಕಾಲು ಹಿಡಿದೆ. ಬಾಗಿಲಲ್ಲಿ ಕುಂತಿದ್ದ ಗುದ್ಲೆಪ್ಪ ಎನ್ನುವ ಹಮಾಲ, ತನ್ನ ಹಲ್ಲುನೋವನ್ನೂ ಮರೆತು ಬಂದು, ಮೆಕ್ಕೆಜೋಳದ ಚೀಲ ಎತ್ತುವ ಕೈಗಳಿಂದ ಅವಳ ಕೈ ಅದುಮಿದ. ಮರಗಟ್ಟಿಸುವ ಇಂಜೆಕ್ಷನ್ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಡಾಕ್ಟರರ ಜೇಬಿನಲ್ಲಿ ನಿಮ್ಮ ಮೀಟಿಂಗಿನಲ್ಲಿತ್ತು. ಇಕ್ಕಳ ಒಳಗೆ ಹೋಯಿತು. ಮೊದಲ ಎಳೆತಕ್ಕೆ ಹಲ್ಲು ಬರಲಿಲ್ಲ, ತುಟಿ ಹರಿಯಿತು. ಮತ್ತೆ ಎಳೆದ, ದವಡೆಯೇ ಕಿತ್ತು ಬರುತ್ತದೇನೋ ಎನ್ನುವಂತೆ ಅವಳ ಮೈ ಖುರ್ಚಿಯಿಂದ ಮೇಲೆದ್ದಿತು. ಮೈಲಾರಲಿಂಗ ಖುರ್ಚಿಗೆ ಮೊಣಕಾಲು ಕೊಟ್ಟು ತಿರುವಿದ. ಅದರ ಸಪ್ಪಳ ನನಗೆ ಇನ್ನೂ ಕೇಳಿಸುತ್ತದೆ. ಚೀರಾಟ ನಿಂತಿತು, ಏಕೆಂದರೆ ಬಾಯಿತುಂಬ ರಕ್ತವಿತ್ತು. ನನ್ನ ಅಂಗಿ, ತಹಮೀನಾಳ ಬುರ್ಖಾದ ತೋಳು, ಗುದ್ಲೆಪ್ಪನ ಮುಂಗೈ ಎಲ್ಲವೂ ನೆನೆದವು. ಎದುರಿನ ಗೋಡೆಯ ಮೇಲೆ ಬಿಳಿ ಹಲ್ಲು ಕಿಸಿದ ಮಗುವೊಂದರ ಚಿತ್ರ, ಅದರ ಕೆಳಗೆ "ನಗುತ್ತಿರಲಿ ನಿಮ್ಮ ಮಗು". ನೀವೇ ಅಂಟಿಸಿದ್ದಲ್ಲವೇ?

ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟ. ನಮ್ಮ ಓಣಿಯ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಬಿದ್ದ ಹಾಲುಹಲ್ಲನ್ನು ಮಗು ತನ್ನ ಕೈಯಾರೆ ಮಾಳಿಗೆಯ ಮೇಲೆ, ಅಂದರೆ ಮನೆಯ ಮಣ್ಣಿನ ಛಾವಣಿಗೆ, ಎಸೆಯಬೇಕು, ಆಗ ಹೊಸ ಹಲ್ಲು ಬೇಗ ಬರುತ್ತದೆ. ನಮ್ಮ ಮನೆಯಲ್ಲೂ ಅಷ್ಟೇ, ಪಕ್ಕದ ಹುಚ್ಚವ್ವನ ಮನೆಯಲ್ಲೂ ಅಷ್ಟೇ. ನನ್ನ ತಾಯಿ ದಾವಲಬಿ ಹತ್ತಿ ಬಿಚ್ಚಿ, "ಬೇರು ಎಷ್ಟ ಉದ್ದ ಐತಿ ನೋಡ" ಎಂದು ಹುಚ್ಚವ್ವನಿಗೆ ತೋರಿಸಿದಳು. ಇಬ್ಬರೂ ಬೆರಗಾದರು, ಆದರೆ ಅನುಮಾನ ಯಾರಿಗೂ ಬರಲಿಲ್ಲ. ಬಾತ ಕೆನ್ನೆಯ ಮಹೆಕ ಅಂಗಳದಲ್ಲಿ ನಿಂತು ಎಸೆದಳು. ಅಂದಿನಿಂದ ದಿನಾ ಮುಂಜಾನೆ ಈ ಅಪ್ಪನ ಮುಂದೆ ಬಾಯಿ ತೆರೆದು ಕೇಳುತ್ತಾಳೆ, "ಅಬ್ಬಾ, ಬಂತೇನ?"

ಕೆಲವು ತಿಂಗಳ ಮೇಲೆ ಅವಳ ಶಾಲೆಗೆ ಹಲ್ಲಿನ ಡಾಕ್ಟರಮ್ಮ ಒಬ್ಬರು ತಾವಾಗಿಯೇ ತಪಾಸಣೆಗೆ ಬಂದರು. ಅಲ್ಲಿ ಆ ಖುರ್ಚಿಯಾಗಲಿ ಇಕ್ಕಳವಾಗಲಿ ಇರಲಿಲ್ಲವಾದ್ದರಿಂದ ಮಹೆಕ ಬಾಯಿ ತೆರೆದಳು. ಅವರು ನಮ್ಮನ್ನು ಕರೆಸಿ, ಎಡಗಡೆಯ ಹಲ್ಲು ಎಲ್ಲಿ ಎಂದು ಕೇಳಿದರು.

"ಮಾಳಿಗಿ ಮ್ಯಾಲೆ ಒಗದೇವ್ರಿ," ಎಂದೆ ನಾನು, ಜಾಣನ ಹಾಗೆ.

ಡಾಕ್ಟರಮ್ಮ ಮಹೆಕಳ ಕೆನ್ನೆ ಸವರಿ ಹೇಳಿದರು, "ಅದು ಆರನೇ ವರ್ಷಕ್ಕ ಹಾಲಹಲ್ಲಿನ ಹಿಂದ ಹೊಸದಾಗಿ ಹುಟ್ಟೋ ಹಲ್ರಿ. ಯಾವ ಹಲ್ಲೂ ಬೀಳದ ಬರ್ತೈತಿ, ಅದಕ್ಕ ಎಲ್ಲಾರೂ ಹಾಲಹಲ್ಲ ಅಂತ ತಿಳಿತಾರ. ಜೀವನಪೂರ್ತಿ ಅದೊಂದ. ಬಲಕ್ಕೂ ಕರಿ ಗೆರಿ ಬಿದ್ದೈತಿ, ಈಗ ತುಂಬಿಸಿದ್ರ ಉಳಿತೈತಿ. ಹುಳುಕು ಹತ್ತೋಕಿಂತ ಮೊದಲ ಆ ಹಲ್ಲಿನ ಸಂದಿಗೆ ಲೇಪ ಹಚ್ಚಿದ್ರ ಸಾಕಾಗಿತ್ತು. ಬ್ಯಾರೆ ಮಕ್ಕಳಿಗರೆ ಹಚ್ಚಸ್ರಿ."

ಒಂದು ಲೇಪ! ಅಧಿಕಾರಿಗಳೇ, ಕೊಡೆಗೆ ತೇಪೆ ಹಚ್ಚುವಷ್ಟು ಹೊತ್ತಿನ ಕೆಲಸ. ನಿಮ್ಮ ಬ್ಯಾನರಿನಲ್ಲಿ ಇದನ್ನು ಬರೆಯಲು ಜಾಗ ಇರಲಿಲ್ಲವೇ? ದಿನಕ್ಕೆರಡು ಸಲ ಹಲ್ಲುಜ್ಜಿ ಎಂದು ನಮಗೆ ಹೇಳಿಕೊಡುತ್ತೀರಿ. ಆರು ವರ್ಷದ ಮಗುವಿನ ಬಾಯಿಯ ಮೂಲೆಯಲ್ಲಿ ಜೀವಮಾನದ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆಂದು ಒಬ್ಬರಾದರೂ ಹೇಳಿದಿರಾ? ಒಸಡು ಕೆಂಪಾದಾಗ ಕ್ಲೀನ್ ಮಾಡಿದರೆ ಹಲ್ಲು ಅಲುಗಾಡುವುದಿಲ್ಲವಂತೆ. ನನ್ನ ತಾಯಿಗೆ ಇದನ್ನು ಯಾರೂ ಹೇಳಲಿಲ್ಲ, ಹೋದಾಗಲೊಮ್ಮೆ ಒಂದೊಂದು ಕಿತ್ತು ಕಳಿಸಿದರು. ಖಾರಾ ಮಾಡುವ ಮನೆಯ ಹಿರಿಯಳು ಈಗ ಖಾರಾವನ್ನು ಕುಟ್ಟಿ ಪುಡಿ ಮಾಡಿ ನೆಕ್ಕುತ್ತಾಳೆ. ತಂಬಾಕಿನ ತುಣುಕು ಇಡುವ ಕೆನ್ನೆಯೊಳಗೆ ಅವಳಿಗೊಂದು ಬಿಳಿ ಮಚ್ಚೆ ಇದೆ. ಅದನ್ನು ಇಲ್ಲಿಯವರೆಗೆ ನಿಮ್ಮವರಾರೂ ನೋಡಿಲ್ಲ, ಕೀಳಲಿಕ್ಕೆ ಅಲ್ಲಿ ಏನೂ ಇಲ್ಲವಲ್ಲ!

ಡಾಕ್ಟರಮ್ಮನ ಮಾತು ಕೇಳಿದ ದಿನವೇ ನಾನು ಆಸ್ಪತ್ರೆಗೆ ಹೋಗಿ ಮೈಲಾರಲಿಂಗನ ಕೊರಳಪಟ್ಟಿ ಹಿಡಿದೆ. ಗೋಡೆಗೆ ಒತ್ತಿದೆ, ಮುಷ್ಟಿ ಎತ್ತಿದೆ. ಅವನ ದವಡೆ ಒಡೆದು ಎಲ್ಲ ಹಲ್ಲನ್ನೂ ಕೈಗೆ ಕೊಡಬೇಕೆಂದೇ ಹೋಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಅವನು ತಪ್ಪಿಸಿಕೊಳ್ಳಲಿಲ್ಲ. ಬಾಯಿ ಅಗಲಿಸಿ ತೋರಿಸಿದ. ಎರಡೂ ಕಡೆ ದವಡೆ ಬೋಳು.

"ನಂದೂ ಇದ ಖುರ್ಚಿ ಮ್ಯಾಲೆ ಕಿತ್ತಾರ್ರಿ. ಹೊಡೀರಿ, ಬ್ಯಾಡ ಅನ್ನಂಗಿಲ್ಲ. ಹಲ್ಲಿಗೆ ಮಾತ್ರ ಹೊಡಿಬ್ಯಾಡ್ರಿ, ಡಾಕ್ಟರ್ ಇಲ್ಲ."

ಮುಷ್ಟಿ ಇಳಿಸಿದೆ. ಆದರೆ ಸಿಟ್ಟು ಇಳಿದಿಲ್ಲ, ವಿಳಾಸ ಬದಲಾಗಿದೆ ಅಷ್ಟೇ. ಅಂದು ಆ ಗೋಡೆಗೆ ನೀವು ಆತು ನಿಂತಿದ್ದರೆ ನಾನು ಇಳಿಸುತ್ತಿರಲಿಲ್ಲ.

ಖಾಸಗಿ ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋದೆ ಸ್ವಾಮಿ, ಹುಬ್ಬಳ್ಳಿಗೇ ಹೋದೆ, ಬಲಗಡೆಯ ಹಲ್ಲು ಉಳಿಸಿಕೊಳ್ಳಲಿಕ್ಕೆ. ಖುರ್ಚಿ ಕಂಡದ್ದೇ ತಡ, ಮಹೆಕ ಡಾಕ್ಟರರ ಬೆರಳನ್ನು ರಕ್ತ ಬರುವಂತೆ ಕಚ್ಚಿದಳು. ನನ್ನ ಮುಖ ಪರಚಿದಳು. ಹಿಂದೆ ಕಾಲು ಹಿಡಿದವನು ನಾನೇ ತಾನೇ, ನನ್ನನ್ನು ಯಾಕೆ ನಂಬಬೇಕು? ಒತ್ತಾಯ ಬೇಡ, ಅವಳಾಗಿಯೇ ಬಾಯಿ ತೆರೆಯುವ ದಿನ ಕರೆತನ್ನಿ, ಆದರೆ ತಡಮಾಡಬೇಡಿ ಎಂದರು ಆ ಪುಣ್ಯಾತ್ಮರು. ಬಸ್ಸಿನಲ್ಲಿ ಅವಳನ್ನು ಕೇಳಿದೆ, ಯಾವಾಗ ತೆರೆಯುತ್ತೀ ಎಂದು.

"ಮೊದಲ ಮಾಳಿಗಿ ಮ್ಯಾಲಿಂದು ಬರ್ಲಿ. ಆಮ್ಯಾಲೆ ತೆರಿತೇನಿ."

ಇದು ಅವಳ ಷರತ್ತು. ಕರಿ ಗೆರೆ ಈಗ ಗುಂಡಿಯಾಗಿದೆ. ಮುಂಜಾನೆ ನನಗೆ ತೋರಿಸಲಿಕ್ಕೆ ಬಾಯಿ ತೆರೆಯುತ್ತಾಳಲ್ಲ, ಆಗ ಕಾಣುತ್ತದೆ. ಹುಬ್ಬಳ್ಳಿಯಿಂದ ಬಂದ ಮೇಲೆ ಬೇರೆ ಯಾರಿಗೂ ತೆರೆಯುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಹಲ್ಲಿನ ಡಾಕ್ಟರನ್ನು ಮೀಟಿಂಗಿನಿಂದ ಬಿಡಿಸಿ ಖುರ್ಚಿಯ ಪಕ್ಕದಲ್ಲಿ ನಿಲ್ಲಿಸಿ. ಕೊರೆಯುವ ಯಂತ್ರ ನಡೆಯಲಿ, ಇಂಜೆಕ್ಷನ್ನಿನ ಬೀರು ತೆರೆದಿರಲಿ. ಒಂದನೇ ತರಗತಿಯ ಮಕ್ಕಳ ಹಲ್ಲಿಗೆ ಹುಳುಕು ಹತ್ತುವ ಮೊದಲು ಲೇಪ ಬೀಳಲಿ. ಇವು ಊರಿಗೆ. ನನಗಾಗಿ ಒಂದೇ ಒಂದು. ತಾವು ಸವಣೂರಿಗೆ ಬರಬೇಕು. ಏಣಿ ಇಟ್ಟಿರುತ್ತೇನೆ. ಮಾಳಿಗೆ ಹತ್ತಿ, ಮಣ್ಣಿನಲ್ಲಿ ಹುಡುಕಿ, ಆ ಹಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಇಳಿದು ಬಂದು, ಇದು ಮತ್ತೆ ಬರುವುದಿಲ್ಲವೆಂದು ನನ್ನ ಮಗಳಿಗೆ ನೀವೇ ಹೇಳಬೇಕು. ಬರುತ್ತದೆ ಎಂದು ಮಾತು ಕೊಟ್ಟದ್ದು ನಿಮ್ಮ ಆಸ್ಪತ್ರೆ. ನಾನು ದಿನಾ ಮುಂಜಾನೆ ಹೇಳಲು ಹೋಗಿ, "ನಾಳೆ ನೋಡೂಣು" ಎಂದು ಬರುತ್ತಿದ್ದೇನೆ.

ಇಂತಿ,
ಮಗಳ ಕಾಲು ಹಿಡಿದಿದ್ದ ಅಪ್ಪ,
ಫಯಾಜ, ಖಾರಾ ವ್ಯಾಪಾರಿ, ಸವಣೂರು